ಆಕ್ಸಿಟೋಸಿನ್ ಮತ್ತು ಆಟಿಸಂ ಇರುವ ವಯಸ್ಕರ ಸಂವಹನ

ಆಕ್ಸಿಟೋಸಿನ್ ಒಂಬತ್ತು ಅಮೈನೊ ಆಮ್ಲಗಳಿಂದಾದ ಹಾರ್ಮೋನು. ಮಿದುಳಿನ ಹೈಪೊಥಲಾಮಸ್‌ನಲ್ಲಿ ತಯಾರಾಗುತ್ತದೆ. ಹೆರಿಗೆಯಲ್ಲಿ ಗರ್ಭಕೋಶವನ್ನು ಕುಗ್ಗಿಸುವುದು, ಹಾಲಿಳಿಸುವುದು ಇದರ ಮುಖ್ಯ ಕೆಲಸ. ಆಟಿಸಂ ಅಥವಾ ಸ್ವಲೀನತೆ ಇರುವವರು ಇತರರೊಡನೆ ಬೆರೆಯುವ ಬಗೆಗೂ ಇದಕ್ಕೂ ನಂಟಿದೆಯೇ ಎಂಬುದನ್ನು ಎರಡು ದಶಕಗಳಿಂದ ಪರೀಕ್ಷಿಸಲಾಗುತ್ತಿದೆ.

ಕೊಟ್ಟಿಗೆಯ ಹಾರ್ಮೋನು

ಗೆಜ್ಜಲಗೆರೆಯ ಹಾಲು ಒಕ್ಕೂಟಕ್ಕೆ ಹಾಲು ಹಾಕುವ ಮಂಡ್ಯ, ಮದ್ದೂರು, ಮಳವಳ್ಳಿಯ ರೈತರಿಗೆ ಆಕ್ಸಿಟೋಸಿನ್‌ನ ಕೆಲಸ ನಿತ್ಯದ ಅನುಭವ. ಕರು ಬಿಟ್ಟು, ಅದು ಒಂದಿಷ್ಟು ಚೀಪಿದ ಮೇಲೆ ಎಳೆದು ಕಟ್ಟಿ ಹಾಲು ಕರೆಯುತ್ತಾರೆ. ಚೀಪಿದ ಸಂವೇದನೆ ನರಗಳ ಮೂಲಕ ಹಸುವಿನ ಮಿದುಳು ಮುಟ್ಟುತ್ತದೆ. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಹಿಂಭಾಗದಿಂದ ಆಕ್ಸಿಟೋಸಿನ್ ರಕ್ತಕ್ಕೆ ಸೇರುತ್ತದೆ. ಒಂದೆರಡು ನಿಮಿಷದಲ್ಲಿ ಹಾಲು ಇಳಿಯುತ್ತದೆ. ಇದನ್ನೇ ಸೂಜಿಯಲ್ಲಿ ಕೊಟ್ಟು ಹಾಲು ಕರೆಯುವ ದುರ್ಬಳಕೆ ತಡೆಯಲು ಕೇಂದ್ರ ಸರ್ಕಾರ 2018ರಲ್ಲಿ ದೇಶೀ ಬಳಕೆಗಾಗಿ ಖಾಸಗಿ ಕಂಪನಿಗಳು ಇದನ್ನು ತಯಾರಿಸುವುದನ್ನು ನಿಷೇಧಿಸಿ, ಬೆಂಗಳೂರಿನ ಕರ್ನಾಟಕ ಆ್ಯಂಟಿಬಯೋಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್ ಲಿಮಿಟೆಡ್‌ಗೆ ಮಾತ್ರ ಅವಕಾಶ ಕೊಟ್ಟಿತು. ಬಾಣಂತಿಯರಿಗೆ ಔಷಧ ಸಿಗದೇ ಹೋದೀತೆಂಬ ಆತಂಕ ಎದ್ದಿತು. ಅದೇ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಆದೇಶವನ್ನು ರದ್ದುಪಡಿಸಿತು.

ಮಿದುಳೊಳಗಿನ ದಾರಿ ಬೇರೆ. ಹೈಪೊಥಲಾಮಸ್‌ನ ಕೆಲವು ನರತಂತುಗಳು ಭಯ, ಮುಖಭಾವಗಳ ಗ್ರಹಿಕೆಯಲ್ಲಿ ಪಾಲುಳ್ಳ ಅಮಿಗ್ಡಲಾದಂಥ ಭಾಗಗಳಿಗೆ ಆಕ್ಸಿಟೋಸಿನ್ ಒಯ್ಯುತ್ತವೆ. ರಕ್ತದಲ್ಲಿರುವುದು ಮಿದುಳಿನೊಳಕ್ಕೆ ಸುಲಭವಾಗಿ ನುಗ್ಗದು. ಹಾಗಾಗಿ ರಕ್ತಪರೀಕ್ಷೆಯಿಂದ ಮಿದುಳಿನ ಸ್ಥಿತಿ ಊಹಿಸುವುದು ಸರಿಯಲ್ಲ. ಆಟಿಸಂ ಇರುವ ಕೆಲವರ ರಕ್ತದಲ್ಲಿ ಸೆರೊಟೋನಿನ್ ಎಂಬ ಇನ್ನೊಂದು ರಾಸಾಯನಿಕ ಹೆಚ್ಚಿರುವುದು 1961ರಲ್ಲೇ ವರದಿಯಾಗಿತ್ತು. ಅದಕ್ಕೂ ಇದೇ ಮಿತಿ.

ಔಷಧ ಪ್ರಯೋಗಗಳು

ಜಪಾನಿನಲ್ಲಿ ಆಟಿಸಂ ಇರುವ 106 ವಯಸ್ಕ ಗಂಡಸರ ಮೇಲೆ ಆರು ವಾರ ನಡೆದ ಪ್ರಯೋಗದಲ್ಲಿ, ಮೂಗಿನ ಆಕ್ಸಿಟೋಸಿನ್ ಸ್ಪ್ರೇ ಸಾಮಾಜಿಕ ಸಂವಹನದಲ್ಲಿ ಹುಸಿ ಔಷಧಕ್ಕಿಂತ ಮೇಲೆನಿಸಲಿಲ್ಲ. ಪುನರಾವರ್ತಿತ ವರ್ತನೆ ಮಾತ್ರ ಸ್ವಲ್ಪ ತಗ್ಗಿತು. ಅಮೆರಿಕದಲ್ಲಿ 290 ಮಕ್ಕಳ ಮೇಲೆ ನಡೆದ ಪ್ರಯೋಗವೂ (2021) ಫಲ ಕೊಡಲಿಲ್ಲ. ಆಕ್ಸಿಟೋಸಿನ್‌ನ ಸೋದರ ಹಾರ್ಮೋನು ವ್ಯಾಸೊಪ್ರೆಸಿನ್‌ನ ಒಂದು ಗ್ರಾಹಕವನ್ನು ತಡೆಯುವ ಬ್ಯಾಲೊವ್ಯಾಪ್ಟಾನ್ ಔಷಧದ ಪ್ರಯೋಗವನ್ನು, ವಯಸ್ಕರಲ್ಲಿ ಪ್ರಯೋಜನ ಕಾಣದೆ ನಡುವೆಯೇ ನಿಲ್ಲಿಸಲಾಯಿತು. ಯಾವುದೋ ರಾಸಾಯನಿಕ ಕೊರತೆಯಿಂದಲೇ ಮಾತುಕತೆ ಕಷ್ಟವಾಗುತ್ತದೆ ಎಂಬ ಸರಳ ವಾದ ಇಲ್ಲಿಗೆ ದುರ್ಬಲವಾಗುತ್ತದೆ.

ಸಂವಹನ

ಮಾತುಕತೆ ಇಬ್ಬರ ಕೆಲಸ. ತಪ್ಪು ತಿಳಿವಳಿಕೆ ಎರಡೂ ಕಡೆಯಿಂದ ಆಗುತ್ತದೆ ಎಂದು ಸಂಶೋಧಕ ಡೇಮಿಯನ್ ಮಿಲ್ಟನ್ 2012ರಲ್ಲಿ ವಾದಿಸಿದರು. ಅವರೂ ಆಟಿಸಂ ಇರುವವರೇ. ಆಟಿಸಂ ಇರುವವರು ತಮ್ಮತಮ್ಮಲ್ಲಿ ಮಾಹಿತಿ ದಾಟಿಸುವಾಗ ಇತರರಿಗೆ ಸಮನಾಗಿರುತ್ತಾರೆಂದು ಎಡಿನ್‌ಬರೋದ ಅಧ್ಯಯನ (2020) ತೋರಿಸಿತು.

ಗುರುತಿಸುವಿಕೆ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಟಿಸಂ ಅನ್ನು ಅಂಗವೈಕಲ್ಯಗಳ ಪಟ್ಟಿಗೆ ಸೇರಿಸಿದೆ. ಮಂಡ್ಯ ಜಿಲ್ಲೆಯವರಿಗೆ ಹತ್ತಿರದ ದೊಡ್ಡ ಪರಿಣತ ಕೇಂದ್ರಗಳು ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಹಾಗೂ ಬೆಂಗಳೂರಿನ ನಿಮ್ಹಾನ್ಸ್. ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಬಳಸುವ ಭಾರತೀಯ ಮಾಪನ ಪಟ್ಟಿಯಲ್ಲಿ 40 ಅಂಶಗಳಿವೆ. ಒಟ್ಟು ಅಂಕ 70 ಮುಟ್ಟಿದರೆ ಆಟಿಸಂ ಎಂದು ಗಣಿಸುತ್ತಾರೆ. ಮೊದಲನೆಯ ಅಂಶವೇ ಕಣ್ಣಲ್ಲಿ ಕಣ್ಣಿಟ್ಟು ನೋಡದಿರುವುದು. ಹಿರಿಯರೆದುರು ತಲೆ ತಗ್ಗಿಸಿ ಮಾತಾಡುವುದೇ ಮರ್ಯಾದೆ ಎಂದು ಬೆಳೆದ ಹಳ್ಳಿಯ ವಯಸ್ಕರಿಗೆ ಈ ಅಂಕ ಹಾಕುವವರು ಮನೆಯವರನ್ನು ವಿಚಾರಿಸದೆ ಮುಂದುವರಿಯಬಾರದು.