ಮಣ್ಣಿಯಿಂದ ಬಿಸಿಯೂಟದವರೆಗೆ: ಕರಾವಳಿಯ ಮಕ್ಕಳ ಊಟ

ಸ್ವರ್ಣಾ ನದಿ ಕಡಲು ಸೇರುವ ಕಡೆ ಇರುವ ಕೆಮ್ಮಣ್ಣು ಮತ್ತು ಸುತ್ತಲಿನ ಊರುಗಳಲ್ಲಿ ಮಗುವಿನ ಮೊದಲ ಗಟ್ಟಿ ಆಹಾರಗಳಲ್ಲಿ ರಾಗಿ ಮಣ್ಣಿಗೆ ವಿಶೇಷ ಸ್ಥಾನವಿತ್ತು. ರಾತ್ರಿ ನೆನೆಸಿದ ರಾಗಿಯನ್ನು ಕಲ್ಲಿನಲ್ಲಿ ನುಣ್ಣಗೆ ಅರೆದು, ತೆಳುವಾದ ಬಟ್ಟೆಯಲ್ಲಿ ಹಿಂಡಿ ಹಾಲು ತೆಗೆಯುತ್ತಿದ್ದರು. ಅದಕ್ಕೆ ಬೆಲ್ಲ ಹಾಕಿ, ಸಣ್ಣ ಉರಿಯಲ್ಲಿ ಕೈಬಿಡದೆ ಮಗುಚಿ, ತಳ ಬಿಡುವಾಗ ಇಳಿಸುತ್ತಿದ್ದರು. ಹೊಟ್ಟು ಬಟ್ಟೆಯಲ್ಲೇ ಉಳಿಯುವುದರಿಂದ ಎಳೆಯ ಹೊಟ್ಟೆಗೆ ಅದು ಹಗುರ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಅಕ್ಕಿಯಲ್ಲಿ ಅದು ತೀರಾ ಕಡಿಮೆ.

ಮಣ್ಣಿಯ ನಂತರದ ಹೆಜ್ಜೆ ಕುಚಲಕ್ಕಿ ಗಂಜಿ: ಮೊದಲು ತಿಳಿ, ಆಮೇಲೆ ಕಿವುಚಿದ ಅನ್ನ, ಹಲ್ಲು ಬಂದ ಮೇಲೆ ಅಗುಳು. ಭತ್ತವನ್ನು ಬೇಯಿಸಿ ಒಣಗಿಸುವಾಗ ತವುಡಿನ ಬಿ1 ಜೀವಸತ್ವ ಕಾಳಿನೊಳಗೆ ಇಳಿಯುವುದರಿಂದ ಅಕ್ಕಿಯನ್ನು ಮಿಲ್ಲಿನಲ್ಲಿ ಬಿಳುಪು ಮಾಡಿದರೂ ಒಂದಿಷ್ಟು ಉಳಿಯುತ್ತದೆ. ಮಕ್ಕಳಿಗೆಂದು ಬೇರೆ ಅಡುಗೆ ಇರಲಿಲ್ಲ. ದೊಡ್ಡವರ ಸಾಲಿನಲ್ಲೇ ಕೂತು ಒಂದೆಲಗದ ತಂಬುಳಿ, ನುಗ್ಗೆಸೊಪ್ಪು, ಬೂತಾಯಿ ಸಾರು, ಮಟ್ಟುಗುಳ್ಳದ ಹುಳಿ, ಆಟಿ ತಿಂಗಳಲ್ಲಿ ಪತ್ರೊಡೆ ರುಚಿ ನೋಡುತ್ತಿದ್ದರು. ಋತುವಿಗೊಂದು ರುಚಿ ನಾಲಿಗೆಗೆ ಪರಿಚಯವಾಗುತ್ತಿದ್ದುದು ಹೀಗೆ. ಬಡವರ ಮನೆಯಲ್ಲಿ ಮಾತ್ರ ಗಂಜಿ, ಉಪ್ಪಿನಕಾಯಿಗೇ ದಿನ ಮುಗಿಯುತ್ತಿದ್ದುದೂ ಉಂಟು.

ಬೆಳ್ತಿಗೆ ಅಕ್ಕಿ, ಬೇಕರಿ ತಿಂಡಿ, ಪೊಟ್ಟಣದ ಕುರುಕಲು ಊರೊಳಗೆ ಬಂದಂತೆ ಈ ಕ್ರಮ ಸಡಿಲವಾಯಿತು. ಇನ್ನೊಂದೆಡೆ ಮಕ್ಕಳ ಊಟದ ಹೊಣೆಯ ಒಂದು ಪಾಲನ್ನು ಸರಕಾರವೂ ಹೊತ್ತುಕೊಂಡಿತು. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಯಿತು. ಕರ್ನಾಟಕದಲ್ಲಿ ಅದರ ಮೊದಲ ಪ್ರಯೋಗ ನಡೆದದ್ದು ತಿರುಮಕೂಡಲು ನರಸೀಪುರದಲ್ಲಿ. ಅಲ್ಲಿಂದ ಅಂಗನವಾಡಿ ಊರೂರಿಗೆ ಹಬ್ಬಿತು. 2002ರಲ್ಲಿ ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ ಶುರುವಾದ ಅಕ್ಷರ ದಾಸೋಹದ ಬಿಸಿಯೂಟ ಮುಂದೆ ಕರಾವಳಿಗೂ ಬಂತು. 2013ರ ಆಗಸ್ಟ್ 1ರಂದು ಕ್ಷೀರಭಾಗ್ಯದ ಹಾಲು, ನಂತರ ಮೊಟ್ಟೆ, 2024ರಲ್ಲಿ ರಾಗಿ ಮಾಲ್ಟ್ ಸೇರಿದವು. ಮಣ್ಣಿಯ ರಾಗಿ ಶಾಲೆಯ ಲೋಟದಲ್ಲಿ ಮತ್ತೆ ಮಕ್ಕಳ ಕೈಗೆ ಬಂತು.

ಹಳೆಯ ರೂಢಿಯಲ್ಲಿ ತಿದ್ದಬೇಕಾದದ್ದೂ ಇದೆ. ಆರು ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ ಸಾಕು. ವರ್ಷ ತುಂಬುವ ಮುಂಚೆ ಜೇನು ನೆಕ್ಕಿಸಬಾರದು. ಆ ವಯಸ್ಸಿನಲ್ಲಿ ಮಣ್ಣಿಗೆ ಬೆಲ್ಲವೂ ಬೇಡ, ಬಾಳೆಹಣ್ಣು ಕಿವುಚಿ ಹಾಕಿದರೆ ಸಾಕು. ಹಳೆಯ ಕ್ರಮದಲ್ಲಿ ಉಳಿಸಿಕೊಳ್ಳಬೇಕಾದದ್ದು ಒಟ್ಟಿಗೆ ಕೂತು ಉಣ್ಣುವ ಪದ್ಧತಿ. ಹೊಸ ತರಕಾರಿಯನ್ನು ಮಗು ಒಪ್ಪಲು ಎಂಟು ಹತ್ತು ಸಲ ರುಚಿ ನೋಡಬೇಕಾಗಬಹುದು ಎನ್ನುತ್ತದೆ ಈಗಿನ ಪೋಷಣಾ ವಿಜ್ಞಾನ. ಏನು ಬಡಿಸಬೇಕು, ಯಾವಾಗ ಬಡಿಸಬೇಕು ಎಂಬುದು ದೊಡ್ಡವರ ಕೆಲಸ. ಎಷ್ಟು ಉಣ್ಣಬೇಕೆಂಬುದನ್ನು ಮಗುವಿನ ಹಸಿವಿಗೆ ಬಿಡಬೇಕು. ಒತ್ತಾಯದಿಂದಲೂ ಆಮಿಷದಿಂದಲೂ ಬೆಳೆಯದ ಒಳ್ಳೆಯ ಊಟದ ಅಭ್ಯಾಸ, ಮನೆಮಂದಿ ದಿನವೂ ಉಣ್ಣುವುದನ್ನು ನೋಡುತ್ತಾ ಬೆಳೆಯುತ್ತದೆ.