ಫೆರೆಟ್‌ಗೆ ಫ್ಲೂ ಹಚ್ಚೋದು ನಾವೇ!

ಕಳೆದ ಮಳೆಗಾಲದ ಮಾತು. ಮಹಾಪೆಯಲ್ಲಿ ಕೆಲಸ, ಘಣಸೋಲಿಯಲ್ಲಿ ಒನ್ ಬಿಎಚ್‌ಕೆ, ಜೊತೆಗೆ ಹುಬ್ಬಳ್ಳಿಯ ರೂಮ್‌ಮೇಟ್. ಅವನು ಸಾಕಿರೋದು ನಾಯಿಯಲ್ಲ, ಬೆಕ್ಕಲ್ಲ, ಫೆರೆಟ್. ನೋಡೋಕೆ ಮುಂಗುಸಿ ಥರ, ಬಳಗ ಮಾತ್ರ ನೀರುನಾಯಿದು.

ಒಂದು ಸೋಮವಾರ ಅವನಿಗೆ ಜ್ವರ, ಮೈಕೈ ನೋವು. ಡಾಕ್ಟರು ಫ್ಲೂ ಅಂದ್ರು. "ಮೊದ್ಲು ಆ ಪ್ರಾಣೀನ ಆಚೆ ಹಾಕೋ, ಅದ್ರಿಂದಾನೇ ಬಂದಿರ್ಬೇಕು" ಅಂದೆ. ಅವನು ಹೊದಿಕೆ ಒಳಗಿಂದಾನೇ, "ಉಲ್ಟಾ ಐತಲೇ. ನನ್ನಿಂದ ಅದಕ್ಕ ಬರ್ತದ. ನೀ ಅದನ್ನ ಹಾಲ್‌ನ್ಯಾಗ ಇಟ್ಕೋ" ಅಂದ. ನಂಬಲಿಲ್ಲ. ಆ ರಾತ್ರಿ ಓದೋಕೆ ಕೂತೆ. ಕಥೆ ಶುರುವಾಗಿದ್ದು ನಮ್ಮ ಪಕ್ಕದಲ್ಲೇ.

1918ರ ಜೂನ್. ಮೊದಲ ಮಹಾಯುದ್ಧದ ಹಡಗುಗಳು ಮುಂಬೈ ಬಂದರಿಗೆ ಬರ್ತಿದ್ದ ಕಾಲ. ಡಾಕ್‌ನಲ್ಲಿ ಕಾವಲಿದ್ದ ಪೊಲೀಸ್ ಸಿಪಾಯಿಗಳು ಜ್ವರ ಬಂದು ಆಸ್ಪತ್ರೆ ಸೇರಿದರು. ಅಲ್ಲಿಂದ ರೈಲು ಹಿಡಿದು ಕಾಯಿಲೆ ದೇಶವೆಲ್ಲ ಸುತ್ತಿತು. ಮಳೆ ಮುಗಿಯುವ ಹೊತ್ತಿಗೆ ಎರಡನೇ ಅಲೆ ಬಂತು, ಅದು ಇನ್ನೂ ಘೋರ. ದೇಶದಲ್ಲಿ ಸತ್ತವರು ಕೋಟಿಗೂ ಹೆಚ್ಚು ಅನ್ನೋದು ಅಂದಾಜು.

ಇಷ್ಟು ಜನರನ್ನ ಕೊಂದಿದ್ದು ಯಾವುದು ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. 1892ರಲ್ಲಿ ಫೈಫರ್ ಅನ್ನೋ ಜರ್ಮನ್ ವಿಜ್ಞಾನಿ ಒಂದು ಬ್ಯಾಕ್ಟೀರಿಯಾ ತೋರಿಸಿದ್ದ, ಎಲ್ಲರೂ ಅದನ್ನೇ ದೂರ್ತಿದ್ದರು. ಆ ಬ್ಯಾಕ್ಟೀರಿಯಾ ನಿರಪರಾಧಿ ಅಂತ ಆಮೇಲೆ ಗೊತ್ತಾಯ್ತು, ಹೆಸರು ಮಾತ್ರ ಉಳೀತು. ನಮ್ಮ ಮಕ್ಕಳಿಗೆ ಹಾಕಿಸೋ ಹಿಬ್ ಲಸಿಕೆಯ ಹೆಸರಲ್ಲಿ ಇವತ್ತಿಗೂ 'ಇನ್‌ಫ್ಲುಯೆಂಜಾ' ಅಡಗಿದೆ. ಆದರೆ ಅದು ಫ್ಲೂ ಲಸಿಕೆ ಅಲ್ಲ!

ಉತ್ತರ ಸಿಕ್ಕಿದ್ದು 1933ರಲ್ಲಿ, ಲಂಡನ್‌ನ ಮಿಲ್ ಹಿಲ್‌ನಲ್ಲಿ. ನಾಯಿಗಳ ಡಿಸ್ಟೆಂಪರ್ ಸಂಶೋಧನೆಗೆ ಅಲ್ಲಿ ಫೆರೆಟ್‌ಗಳನ್ನ ಸಾಕಿದ್ದರು, ಹೊರಗಿನ ಸೋಂಕು ತಗಲದ ಹಾಗೆ ಕಟ್ಟುನಿಟ್ಟಾಗಿ ಬೇರೆ ಇಟ್ಟು. ವಿಲ್ಸನ್ ಸ್ಮಿತ್, ಆಂಡ್ರ್ಯೂಸ್, ಲೇಡ್ಲಾ ಮೂವರೂ ಸೇರಿ, ಫ್ಲೂ ಬಂದವರು ಬಾಯಿ ಮುಕ್ಕಳಿಸಿದ ನೀರನ್ನ ಬ್ಯಾಕ್ಟೀರಿಯಾ ದಾಟದ ಫಿಲ್ಟರ್‌ನಲ್ಲಿ ಸೋಸಿ ಫೆರೆಟ್ ಮೂಗಿಗೆ ಹಾಕಿದರು. ಅವಕ್ಕೂ ಜ್ವರ ಬಂತು, ಮೂಗು ಸೋರಿತು, ಸೀನು ಶುರುವಾಯ್ತು. ಕಾರಣ ವೈರಸ್ ಅಂತ ಖಚಿತ ಆಯ್ತು.

1936ರಲ್ಲಿ ಇನ್ನೊಂದು ಘಟನೆ. ಚಾರ್ಲ್ಸ್ ಸ್ಟುವರ್ಟ್-ಹ್ಯಾರಿಸ್ ಫೆರೆಟ್ ಪರೀಕ್ಷೆ ಮಾಡ್ತಿದ್ದಾಗ ಅದು ಅವರ ಮುಖಕ್ಕೇ ಸೀನಿತು. ಎರಡೇ ದಿನಕ್ಕೆ ಅವರಿಗೆ ಫ್ಲೂ. ಅಂದ್ರೆ ದಾರಿ ಎರಡೂ ಕಡೆ ತೆರೆದಿದೆ. ಅದರ ಉಸಿರಾಟದ ನಾಳದಲ್ಲಿ ಫ್ಲೂ ವೈರಸ್ ಅಂಟಿಕೊಳ್ಳೋ ಜಾಗಗಳು ಬಹುತೇಕ ನಮ್ಮದರ ಥರಾನೇ ಇವೆ. ಅದಕ್ಕೇ ಫ್ಲೂ ಸಂಶೋಧನೆಗೆ ಇವತ್ತಿಗೂ ಫೆರೆಟ್ಟೇ ಬೇಕು.

ಪ್ರಯೋಗಾಲಯದ ಮಾತಾಯ್ತು, ಮನೆಯಲ್ಲಿ? 2009ರ ಹಂದಿಜ್ವರದ ಸಮಯದಲ್ಲಿ ಅಮೆರಿಕದ ಒರೆಗಾನ್, ನೆಬ್ರಾಸ್ಕಾದ ಸಾಕಿದ ಫೆರೆಟ್‌ಗಳಲ್ಲಿ, ಅಯೋವಾದ ಒಂದು ಬೆಕ್ಕಿನಲ್ಲಿ ಅದೇ ವೈರಸ್ ಸಿಕ್ತು. ಮನೆಯವರು ಮೊದಲು ಮಲಗಿದ್ದರು, ಆಮೇಲೆ ಪ್ರಾಣಿಗಳು. ಬೆಕ್ಕು ಬದುಕಿತು. ನೆಬ್ರಾಸ್ಕಾದ ಫೆರೆಟ್ ಬದುಕಲಿಲ್ಲ.

ಅದನ್ನ ಓದಿ ಎದ್ದು ಪಂಜರ ಹಾಲ್‌ಗೆ ತಂದೆ. ಬೆಡ್‌ರೂಮ್ ಬಾಗಿಲು ಮುಚ್ಚಿದೆ. ರೂಮ್‌ಮೇಟ್‌ಗೆ ಗಂಜಿ ಕೊಟ್ಟು ಬಂದಾಗೆಲ್ಲ ಸೋಪಿನಲ್ಲಿ ಕೈ ತೊಳೆದು, ಮಾಸ್ಕ್ ಹಾಕ್ಕೊಂಡೇ ಫೆರೆಟ್‌ಗೆ ಊಟ ಇಟ್ಟೆ. ಅದರ ಹಾಸುಬಟ್ಟೆ, ಬಟ್ಟಲು ಎಲ್ಲ ಬೇರೆ. ನೀವೂ ಇಷ್ಟೇ ಮಾಡಿ: ಜ್ವರ ಇದ್ದವರು ಮುದ್ದು ಮಾಡಬೇಡಿ, ಬೇರೆಯವರು ನೋಡ್ಕೊಳ್ಳಲಿ. ಅದು ಸೀನಿದ್ರೆ, ಊಟ ಬಿಟ್ರೆ ಪಶುವೈದ್ಯರ ಹತ್ರ ಹೋಗಿ. ನಮ್ಮ ಪ್ಯಾರಾಸಿಟಮಾಲ್ ಮಾತ್ರ ಕೊಡಲೇಬೇಡಿ, ಫೆರೆಟ್‌ಗೂ ಬೆಕ್ಕಿಗೂ ಅದು ವಿಷ.

ಜ್ವರ ಪೂರ್ತಿ ಬಿಟ್ಟ ಮೇಲೆ ರೂಮ್‌ಮೇಟ್ ಹಾಲ್‌ಗೆ ಬಂದ. ಅದು ಸೀನಿರಲಿಲ್ಲ. ಮಡಿಲಿಗೆ ಹತ್ತಿಸಿಕೊಂಡು, "ಥ್ಯಾಂಕ್ಸ್ ಲೇ" ಅಂದ, ನನಗೋ ಅದಕ್ಕೋ ಗೊತ್ತಾಗ್ಲಿಲ್ಲ. ನಮ್ಮ ಜ್ವರದ ಗುಟ್ಟು ಹೇಳಿದ ಪ್ರಾಣಿ ಅದು. ನಮ್ಮ ಜ್ವರದಿಂದ ಅದನ್ನ ಕಾಯೋದು ನಮ್ಮ ಕಡೆಯ ಬಾಕಿ.