ಪರಿಚಾರಕರ ವೇತನವೂ ಉಪಚಾರ ಪಡೆದವರ ಸಾಕ್ಷ್ಯವೂ

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಒಂದೊಂದು ಪಾದಕ್ಕೂ ನಾಲ್ಕು ಗುಣಗಳುಂಟು. ಉಪಚಾರಜ್ಞಾನ, ದಕ್ಷತೆ, ಅನುರಾಗ, ಶೌಚಗಳು ಪರಿಚಾರಕನವು. ರೋಗಿಯ ಗುಣಗಳಲ್ಲಿ ಜ್ಞಾಪಕತ್ವವೂ ಒಂದು. ತನ್ನ ಅವಸ್ಥೆಯನ್ನು ಇತರರಿಗೆ ತಿಳಿಯಹೇಳುವ ಶಕ್ತಿಯೆಂದು ಅದರ ಅರ್ಥ. ಈ ಗುಣವು ಶಯ್ಯೆಯ ಬಳಿಯಲ್ಲಿಯೇ ಮುಗಿಯದೆ ಪರಿಚಾರಕರ ವೇತನದ ವಿಷಯದಲ್ಲಿಯೂ ಸಲ್ಲತಕ್ಕದ್ದೆಂಬುದು ಈ ಲೇಖಕನ ಅಭಿಪ್ರಾಯ.

ದುಡಿದವರಿಗೆ ವೇತನ ಕೊಡದಿರುವುದನ್ನು ನಮ್ಮ ಧರ್ಮಶಾಸ್ತ್ರಕಾರರು ಲಘುವಾಗಿ ಎಣಿಸಿದವರಲ್ಲ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ರಾಜನು ವಿಚಾರಿಸತಕ್ಕ ಹದಿನೆಂಟು ವ್ಯವಹಾರಪದಗಳೊಳಗೆ ಇದೂ ಸೇರಿದೆ. ಶಾಸನಗಳೂ ಈ ವಿಷಯದಲ್ಲಿ ಮೌನವಾಗಿಲ್ಲ. ಬಳ್ಳಿಗಾವೆಯ ಕೋಡಿಯಮಠದ 1162ರ ಶಾಸನವು ಅಲ್ಲಿ ರೋಗಿಗಳಿಗೆ ಔಷಧೋಪಚಾರವೂ ದೀನರಿಗೆ ಅನ್ನವೂ ನಡೆಯುತ್ತಿದ್ದುದನ್ನು ವರ್ಣಿಸುತ್ತದೆ. ತಮಿಳುನಾಡಿನ ತಿರುಮುಕ್ಕೂಡಲಿನಲ್ಲಿರುವ ವೀರರಾಜೇಂದ್ರ ಚೋಳನ ಕಾಲದ ಶಾಸನವು ಇನ್ನೂ ಸ್ಪಷ್ಟವಾದುದು. ಹದಿನೈದು ಹಾಸಿಗೆಗಳ ಅಲ್ಲಿನ ಆತುರಶಾಲೆಯಲ್ಲಿ ವೈದ್ಯನಿಗೆ ಮಾತ್ರವಲ್ಲದೆ ರೋಗಿಗಳ ಶುಶ್ರೂಷೆಗಿದ್ದ ಸ್ತ್ರೀಯರಿಗೂ ಸಲ್ಲತಕ್ಕ ಭತ್ತವನ್ನು ಕಲ್ಲಿನಲ್ಲಿ ನಿಯಮಿಸಿದೆ. ಕಲ್ಲಿನಲ್ಲಿ ಬರೆದುದಕ್ಕೆ ಊರೆಲ್ಲವೂ ಸಾಕ್ಷಿ.

ಇನ್ನು ನಮ್ಮ ಸೀಮೆಯ ವರ್ತಮಾನವನ್ನು ನೋಡೋಣ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿರುವ ಮೇಗರವಳ್ಳಿಯ ಸುತ್ತಿನಲ್ಲಿ ಮನೆಗೂ ಮನೆಗೂ ನಡುವೆ ಗದ್ದೆ, ತೋಟ, ಹಳ್ಳ, ಕಾಡುಗಳಿವೆ. ಇಂತಹ ಮಲೆನಾಡಿನಲ್ಲಿ ಬಸುರಿ ಬಾಣಂತಿಯರನ್ನು ವಿಚಾರಿಸಲು ಮನೆಬಾಗಿಲಿಗೆ ನಡೆದು ಬರುವವರು ಆಶಾ ಕಾರ್ಯಕರ್ತೆಯರು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನಕಾಯಿಲೆಯ ಕಾಲದಲ್ಲಿ, ಉಣುಗು ಕಚ್ಚದಂತೆ ಹಚ್ಚಿಕೊಳ್ಳುವ ತೈಲವನ್ನು ಮನೆಮನೆಗೆ ಹಂಚುವವರೂ ಇವರೇ. 2005ರಲ್ಲಿ ಆರಂಭವಾದ ಈ ವ್ಯವಸ್ಥೆಯು ಇವರನ್ನು ಸ್ವಯಂಸೇವಕಿಯರೆಂದು ಕರೆದು, ಕೊಡುವ ಹಣಕ್ಕೆ ಗೌರವಧನವೆಂದೂ ಪ್ರೋತ್ಸಾಹಧನವೆಂದೂ ಹೆಸರಿಟ್ಟಿತು. ವೇತನವೆಂಬ ಶಬ್ದವನ್ನು ಬಿಟ್ಟೊಡನೆ ವೇತನದ ನ್ಯಾಯವೂ ಬಿಟ್ಟುಹೋಗುವುದೆಂಬುದನ್ನು ಶಬ್ದಾರ್ಥವನ್ನು ಬಲ್ಲ ವಾಚಕರಿಗೆ ವಿವರಿಸಬೇಕಾಗಿಲ್ಲ.

ಮಾಸಿಕ 15,000 ರೂಪಾಯಿಗಳನ್ನು ಕೇಳಿ ಇವರು 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲಿರುಳು ಧರಣಿ ಕುಳಿತರು. ಏಪ್ರಿಲಿನಿಂದ 10,000 ರೂಪಾಯಿ ದೊರೆಯುವಂತೆ ಮಾಡುವೆವೆಂದು ಸರ್ಕಾರವು ಭರವಸೆ ಕೊಟ್ಟ ಮೇಲೆ ಎದ್ದರು. ಅದೇ ವರ್ಷದ ಆಗಸ್ಟಿನಲ್ಲಿ ಮತ್ತೆ ಧರಣಿ ಹೂಡಬೇಕಾಯಿತು.

ಉಪಚಾರ ಪಡೆದವರು ಇಂತಹ ಸಮಯದಲ್ಲಿ ಮಾಡತಕ್ಕದ್ದೇನು? ಅಮೆರಿಕದ ಲಾಸ್ ಏಂಜಲೀಸಿನಲ್ಲಿ 1999ರಲ್ಲಿ 74,000 ಮಂದಿ ಮನೆಪರಿಚಾರಕರು ಕಾರ್ಮಿಕಸಂಘವನ್ನು ಸೇರಿದರು. ಅದಕ್ಕೆ ಮುಂಚಿನ ದೀರ್ಘಪ್ರಯತ್ನದಲ್ಲಿ ಅವರ ಸೇವೆಯನ್ನು ಪಡೆಯುತ್ತಿದ್ದ ವೃದ್ಧರೂ ಅಂಗವಿಕಲರೂ ಅವರಿಗೆ ಜೊತೆಯಾಗಿದ್ದರು. ಅನ್ಯರ ಅಳಲಿಗೆ ಹೆಗಲು ಕೊಡುವುದು ನಮ್ಮಲ್ಲಿಯೂ ಹೊಸತಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎಚ್. ಗಣಪತಿಯಪ್ಪನವರ ಮುಂದಾಳುತನದಲ್ಲಿ ಸತ್ಯಾಗ್ರಹ ಹೂಡಿದಾಗ, ಗೇಣಿ ಅಳೆಯುವ ಕೊಳಗದ ಗಾತ್ರವೇ ವ್ಯಾಜ್ಯದ ಮೂಲವಾಗಿತ್ತು. ಆ ಕೊಳಗದಿಂದ ತಮಗೆ ನಷ್ಟವಿಲ್ಲದಿದ್ದರೂ ತೀರ್ಥಹಳ್ಳಿ ಸೀಮೆಯ ಶಾಂತವೇರಿ ಗೋಪಾಲಗೌಡರೂ ದೂರದ ರಾಮಮನೋಹರ ಲೋಹಿಯಾ ಅವರೂ ಅಲ್ಲಿಗೆ ಬಂದು ನಿಂತರು. ಗೋಪಾಲಗೌಡರನ್ನು 1952ರಲ್ಲಿ ಸಾಗರ–ಹೊಸನಗರದ ಮತದಾರರು ಶಾಸನಸಭೆಗೆ ಕಳುಹಿಸಿದರು.

ಅಂದು ಕೊಳಗವು ಹೇಗೋ ಇಂದು ಗೌರವಧನವೆಂಬ ಶಬ್ದವೂ ಹಾಗೆಯೇ ಒಂದು ತಪ್ಪಳತೆ. ಪರಿಚಾರಕಿಯು ಎಷ್ಟು ನಡೆದಳು, ಎಷ್ಟು ಹೊತ್ತಿನಲ್ಲಿ ಬಂದಳು, ಏನು ಮಾಡಿದಳು ಎಂಬುದಕ್ಕೆ ಕಚೇರಿಯ ಪುಸ್ತಕಕ್ಕಿಂತ ಬಲವಾದ ಸಾಕ್ಷಿ ಬಾಗಿಲು ತೆರೆದ ಮನೆಯವರದು. ಅವರು ಸುಮ್ಮನಿದ್ದರೆ ಆಕೆಯ ಮಾತು ಸ್ವಾರ್ಥವೆಂದು ಎಣಿಸಲ್ಪಡುವುದು. ಅವರು ನುಡಿದರೆ ಅದೇ ನ್ಯಾಯವೆನಿಸುವುದು. ನಾಲ್ಕನೆಯ ಪಾದವು ಮೂರನೆಯದಕ್ಕೆ ಆಧಾರವಾಗದಿದ್ದಲ್ಲಿ ಚಿಕಿತ್ಸೆಯು ನಿಲ್ಲುವುದಾದರೂ ಯಾವುದರ ಮೇಲೆ?